ಕೆರೆಗೆ ಬಿದ್ದ ನ್ಯಾನೋ ಬೆಳ್ಳಿ

ಶಿವಮೊಗ್ಗದ ನಿವೃತ್ತ ರಸಾಯನಶಾಸ್ತ್ರದ ಮೇಷ್ಟ್ರೊಬ್ಬರು ಬರೆದಿದ್ದಾರೆ: ‘ವಾಸನೆ ಬರದ ಕಾಲುಚೀಲದಿಂದ ತೊಳೆದು ಹೋಗುವ ನ್ಯಾನೋ ಬೆಳ್ಳಿ (ವಾಸನೆ ಹುಟ್ಟಿಸುವ ಬ್ಯಾಕ್ಟೀರಿಯಾ ಕೊಲ್ಲಲು ಬಟ್ಟೆಗೆ ಸೇರಿಸುವ ಬೆಳ್ಳಿಯ ಅತಿ ಸೂಕ್ಷ್ಮ ಕಣ) ಮೀನು ಕೊಲ್ಲುತ್ತದೆ ಎಂದು ಕಳೆದ ಸಂಚಿಕೆಯಲ್ಲಿ ಹೆದರಿಸಿದ್ದೀರಿ. ಹೊಳೆ ನೀರಿನ ಹ್ಯೂಮಿಕ್ ಆಮ್ಲವೇ ಆ ವಿಷ ಇಳಿಸುತ್ತದೆ. ಪ್ರಕೃತಿ ನೋಡಿಕೊಳ್ಳುತ್ತದೆ, ನಿಮಗೇಕೆ ಚಿಂತೆ?’

ಮೇಷ್ಟ್ರೇ, ಹ್ಯೂಮಿಕ್ ಆಮ್ಲದ ವಿಷಯಕ್ಕೆ ಜಗಳ ತೆಗೆಯುವ ಓದುಗರು ಎಷ್ಟು ಸಂಪಾದಕರಿಗೆ ಸಿಗುತ್ತಾರೆ ಹೇಳಿ! ನಿಮ್ಮ ಮಾತು ಅರ್ಧ ಸರಿ. ಕೊಳೆತ ಎಲೆಯಿಂದ ಬರುವ ಆ ಕಂದು ಪದಾರ್ಥ ಬೆಳ್ಳಿ ಕಣವನ್ನು ಸುತ್ತಿಕೊಳ್ಳುತ್ತದೆ, ಕಣದಿಂದ ಕರಗಿ ಬಂದ ಬೆಳ್ಳಿ ಅಯಾನನ್ನೂ (ವಿದ್ಯುದಂಶ ಹೊತ್ತ ಬೆಳ್ಳಿ ಪರಮಾಣು) ಹಿಡಿದಿಡುತ್ತದೆ. ಗಂಧಕ ಸಿಕ್ಕರಂತೂ ಬೆಳ್ಳಿ ಸಲ್ಫೈಡ್ ಆಗಿ ಬಹುಪಾಲು ಸುಮ್ಮನಾಗುತ್ತದೆ. ದೇವರ ಮನೆಯ ಬೆಳ್ಳಿ ದೀಪ ಕಪ್ಪಾಗುವುದೂ ಇದರಿಂದಲೇ ಅಲ್ವಾ.

ಆದರೆ ಎಲ್ಲ ಹೊಳೆಯ ನೀರೂ ಒಂದೇ ಏನು? ಮೀನಿನ ಕಿವಿರಿನಲ್ಲಿ ಸೋಡಿಯಂ ಒಳಗೆಳೆದುಕೊಳ್ಳಲು ನೆರವಾಗುವ ಕಿಣ್ವವೊಂದಿದೆ. ಬೆಳ್ಳಿ ಅಯಾನ್ ಅದನ್ನೇ ತಡೆದು ಕೂರಿಸುತ್ತದೆ. ಮೈಯ ಉಪ್ಪು ನೀರಿಗೆ ಸೋರುತ್ತಾ ಇರುತ್ತದೆ, ಹೊಸದು ಒಳಗೆ ಬರುವುದಿಲ್ಲ. ಹಾಗೇ ಮೀನು ಸಾಯುತ್ತದೆ. ಗಡಸು ನೀರಿನಲ್ಲಿ ಕಣಗಳು ಗಂಟುಕಟ್ಟಿ ತಳ ಸೇರುತ್ತವೆ. ಮೇಲೆ ಈಜುವ ಮೀನು ಬಚಾವ್, ಕೆಸರು ಕೆದಕಿ ತಿನ್ನುವವುಗಳ ಪಾಡು ಬೇರೆ. ನಿಮ್ಮ ಮಲೆನಾಡಿನ ಹೊಳೆಗಳಂಥ ಮೆದು ನೀರಿನಲ್ಲಿ ಉಪ್ಪು, ಸುಣ್ಣ ಎರಡೂ ಕಡಿಮೆ. ಅಲ್ಲಿ ಈ ಕಾವಲೂ ಅಷ್ಟಕ್ಕಷ್ಟೆ. ಇನ್ನೊಂದು ಮಜಾ ನೋಡಿ: ನೀವು ಹೊಗಳಿದ ಹ್ಯೂಮಿಕ್ ಆಮ್ಲವೇ ಕಣಗಳನ್ನು ಗಂಟುಕಟ್ಟಲು ಬಿಡದೆ ಜಾಸ್ತಿ ಹೊತ್ತು ತೇಲಿಸಿಡುತ್ತದೆ.

ಕೆನಡಾದ ಒಂಟಾರಿಯೋದಲ್ಲಿ, ಕೆನೋರಾ ಊರಿನ ಆಚೆ, 1968ರಿಂದ ಸರೋವರಗಳಲ್ಲೇ ನೇರವಾಗಿ ಪ್ರಯೋಗ ಮಾಡುವ ಜಾಗವೊಂದಿದೆ. ಅಲ್ಲಿ 222ನೇ ನಂಬರಿನ ಸರೋವರಕ್ಕೆ 2014 ಮತ್ತು 2015ರಲ್ಲಿ ನ್ಯಾನೋ ಬೆಳ್ಳಿ ಬಿಟ್ಟರು. ಲೀಟರಿಗೆ ಕೆಲವೇ ಮೈಕ್ರೊಗ್ರಾಂ ಲೆಕ್ಕ. ಕಾಡಿನ ನೀರು, ನಿಮ್ಮ ಕಂದು ಪದಾರ್ಥವೂ ಅದರಲ್ಲಿತ್ತು. ರಾಶಿ ರಾಶಿ ಮೀನು ಸತ್ತು ತೇಲಲಿಲ್ಲ, ನಿಜ. ಆದರೆ ಹಳದಿ ಪರ್ಚ್ ಮೀನು ತಿನ್ನುವುದು ಕಡಿಮೆ ಮಾಡಿತು, ಅದರ ಸಂಖ್ಯೆಯೂ ಇಳಿಯಿತು. ಪರ್ಚ್ ತಿನ್ನುವ ಪೈಕ್ ಮೀನಿನ ಈಲಿಯಲ್ಲೂ (ಲಿವರ್) ಬೆಳ್ಳಿ ಸೇರಿತು. ಪ್ರಯೋಗಾಲಯದ ರೂಢಿಯಂತೆ ಗಾಜಿನ ತೊಟ್ಟಿಯಲ್ಲಿ 96 ಗಂಟೆ ಮೀನು ಬಿಟ್ಟು, ಸತ್ತವನ್ನು ಎಣಿಸಿ ಬರೆದುಕೊಂಡರೆ ಇದು ಕಾಣುತ್ತದೆಯೇ? ಸಾಯದ ಮೀನು ಆರೋಗ್ಯವಾಗಿದೆ ಅಂತ ಯಾರು ಹೇಳಿದರು?

ನನ್ನ ಸಿಟ್ಟು ನಿಮ್ಮ ಮೇಲಲ್ಲ ಬಿಡಿ. ಅದೇ ಜಾಗದ 226ನೇ ಸರೋವರದ ನಡುವೆ 1973ರಲ್ಲಿ ಪರದೆ ಕಟ್ಟಿ, ಒಂದು ಬದಿಗೆ ಮಾತ್ರ ರಂಜಕ ಸೇರಿಸಿ, ಆ ಬದಿ ಹಸಿರು ಪಾಚಿಯಾಗುವುದನ್ನು ಲೋಕಕ್ಕೆ ತೋರಿಸಿದ್ದರು. ಅಂಥ ಜಾಗಕ್ಕೆ ದುಡ್ಡು ಕೊಡುವುದಿಲ್ಲ ಎಂದು 2012ರಲ್ಲಿ ಅಲ್ಲಿನ ಸರ್ಕಾರವೇ ಕೈ ಎತ್ತಿತು. 2014ರಲ್ಲಿ ಲಾಭಕ್ಕಿಲ್ಲದ ಸಂಸ್ಥೆಯೊಂದು ವಹಿಸಿಕೊಂಡ ಮೇಲೆ ಉಳಿಯಿತು. ಹೊಸ ಸರಕು ಮಾರುಕಟ್ಟೆಗೆ ಬರಲು ಎಲ್ಲರಿಗೂ ಅವಸರ. ಅದು ನೀರಿಗಿಳಿದ ಮೇಲೆ ಏನಾಯಿತೆಂದು ವರ್ಷಗಟ್ಟಲೆ ಕೂತು ನೋಡುವವರಿಗೆ ಮಾತ್ರ ಸಂಬಳ ಕೊಡುವುದು ಭಾರ.

ನಿಮ್ಮ ಹಳೇ ಶಿಷ್ಯರಲ್ಲಿ ಯಾರಾದರೂ ಮೀನಿನ ಮೇಲೆ ನ್ಯಾನೋ ಪರೀಕ್ಷೆ ಮಾಡುತ್ತಿದ್ದರೆ ಒಂದು ಮಾತು ಹೇಳಿ: ನಲ್ಲಿ ನೀರು ಬೇಡ, ತುಂಗೆಯ ನೀರು ತುಂಬಿಕೊಂಡು ಹೋಗಿ. ಮಳೆಗಾಲದ್ದೊಂದು, ಬೇಸಿಗೆಯದೊಂದು.