ಸೇವೆ ಸಂಘಟಕರದು, ಸಂಭಾವನೆ ಕಲಾವಿದರದು

ಜಾನಪದ ಕಲಾ ಸಂಘಗಳನ್ನು ನಡೆಸುವ ಬಗ್ಗೆ ಮಲೆನಾಡಿನ ಮೂವರು ಓದುಗರು ಕೇಳಿರುವ ಪ್ರಶ್ನೆಗಳಿಗೆ ಈ ಬಾರಿ ಉತ್ತರಿಸಲಾಗಿದೆ.

ಪ್ರಶ್ನೆ: ಸಾಗರ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ ಹನ್ನೆರಡು ವರ್ಷಗಳಿಂದ ಒಂದು ಜಾನಪದ ಕಲಾ ಸಂಘವನ್ನು ನಡೆಸುತ್ತಿದ್ದೇವೆ. ಡೊಳ್ಳು, ಕೋಲಾಟ, ಅಂಟಿಗೆ ಪಂಟಿಗೆ, ಸೋಬಾನೆ ಪದ ಎಲ್ಲವೂ ನಮ್ಮಲ್ಲಿವೆ. ಯಾರಿಗೂ ಸಂಬಳವಿಲ್ಲ, ಎಲ್ಲರೂ ಸ್ವಯಂಸೇವಕರು. ಮೊದಲು ಮೂವತ್ತು ಜನರಿದ್ದೆವು. ಈಗ ಕೆಲಸವೆಲ್ಲ ಅಧ್ಯಕ್ಷರು, ಖಜಾಂಚಿ ಮತ್ತು ಕಾರ್ಯದರ್ಶಿಯಾದ ನನ್ನ ಮೇಲೆ ಬಿದ್ದಿದೆ. ಹಿರಿಯ ಕಲಾವಿದರು ಕರೆದರೂ ಬರುವುದಿಲ್ಲ, ಹುಡುಗರು ಎರಡು ದಿನ ಬಂದು ಮೂರನೆಯ ದಿನ ಕಾಣುವುದಿಲ್ಲ. ಸಂಘವನ್ನು ಉಳಿಸಿಕೊಳ್ಳುವುದು ಹೇಗೆ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಕಷ್ಟದ ಬೇರು ‘ಯಾರಿಗೂ ಸಂಬಳವಿಲ್ಲ, ಎಲ್ಲರೂ ಸ್ವಯಂಸೇವಕರು’ ಎಂಬ ಮಾತಿನಲ್ಲೇ ಇದೆಯೆಂದು ನನಗೆ ತೋರುತ್ತದೆ. ಆ ಮಾತನ್ನು ನೀವು ಹೆಮ್ಮೆಯಿಂದ ಬರೆದಿದ್ದೀರಿ, ಹನ್ನೆರಡು ವರ್ಷ ದುಡಿದವರಿಗೆ ಆ ಹೆಮ್ಮೆ ಸಲ್ಲುತ್ತದೆ. ಆದರೆ ‘ಎಲ್ಲರೂ’ ಎಂಬ ಪದದೊಳಗೆ ಎರಡು ಬಗೆಯ ಜನ ಸೇರಿಹೋಗಿದ್ದಾರೆ. ಪದಾಧಿಕಾರಿಗಳು ಸಾಮಾನ್ಯವಾಗಿ ತೋಟವೋ ನೌಕರಿಯೋ ಪಿಂಚಣಿಯೋ ಇರುವವರು. ಸಂಘಕ್ಕಾಗಿ ಒಂದು ದಿನ ಕೊಟ್ಟರೆ ಅವರ ಮನೆಯ ಖರ್ಚಿಗೆ ತೊಂದರೆಯಾಗುವುದಿಲ್ಲ. ಡೊಳ್ಳು ಹೊರುವವರು, ಸೋಬಾನೆ ಹಾಡುವವರು ಬಹುಮಟ್ಟಿಗೆ ಕೂಲಿನಾಲಿ ಮಾಡಿ ಬದುಕುವವರು. ಮಧ್ಯಾಹ್ನದ ಅಭ್ಯಾಸಕ್ಕೆ ಬಂದರೆ ಅವರಿಗೆ ಅರ್ಧ ದಿನದ ಕೂಲಿ ಹೋಯಿತು. ಶಿವಮೊಗ್ಗದಲ್ಲಿ ಕಾರ್ಯಕ್ರಮವೆಂದರೆ, ರಾತ್ರಿ ತಡವಾಗಿ ಮನೆ ಸೇರಿ ಮರುದಿನ ಬೆಳಿಗ್ಗೆ ಏಳಲಾರದ್ದರಿಂದ, ಒಂದೂವರೆ ದಿನದ್ದು ಹೋಯಿತು. ಹಿರಿಯರು ಬರುತ್ತಿಲ್ಲವೆಂದರೆ ಕಲೆಯ ಮೇಲಿನ ಆಸೆ ಬತ್ತಿದೆಯೆಂದು ತಿಳಿಯಬೇಡಿ.

ಇದನ್ನು ನಾನೂ ತಡವಾಗಿಯೇ ಕಲಿತೆ. ಬಹಳ ವರ್ಷಗಳ ಹಿಂದೆ, ಅಡಿಕೆ ಸುಲಿಯುವ ದಿನಗಳಲ್ಲಿ, ನಾನೇ ಮುಂದೆ ನಿಂತು ಏರ್ಪಡಿಸಿದ್ದ ಕಾರ್ಯಕ್ರಮವೊಂದಕ್ಕೆ ಸೋಬಾನೆ ಹಾಡಲು ನಾಲ್ವರು ಹೆಂಗಸರನ್ನು ಕರೆಸಿದ್ದೆ. ಅವರು ಒಂದು ಗಂಟೆ ಹಾಡಿದರು. ಶಾಲು, ಹಾರ, ಹಣ್ಣಿನ ಬುಟ್ಟಿ, ಅಭಿನಂದನಾ ಪತ್ರ ಎಲ್ಲವೂ ಕ್ರಮವಾಗಿ ನಡೆದವು. ಮುಗಿದ ಮೇಲೆ ಅವರಲ್ಲಿ ಹಿರಿಯಾಕೆ ಶಾಲನ್ನು ನಾಲ್ಕು ಮಡಿಕೆ ಮಾಡಿ ಚೀಲದಲ್ಲಿಟ್ಟುಕೊಂಡು, ಅಡಿಕೆಯ ಚೊಗರು ಹಿಡಿದು ಕಪ್ಪಾಗಿದ್ದ ಬೆರಳುಗಳನ್ನು ಸೆರಗಿನಲ್ಲಿ ಒರೆಸಿಕೊಳ್ಳುತ್ತ, ‘ಅಯ್ಯಾ, ಇವತ್ತಿನ ಸುಲಿತ ತಪ್ಪೋಯ್ತು. ಅದರ ಲೆಕ್ಕ ನೀವು ಕೊಡ್ತೀರೋ, ತೋಟದೋರ ಹತ್ರ ಕೇಳ್ಬೇಕೋ?’ ಎಂದರು. ಆಕೆಯ ದನಿಯಲ್ಲಿ ಆಕ್ಷೇಪಣೆಯಿರಲಿಲ್ಲ, ಯಾರನ್ನು ಕೇಳಬೇಕೆಂಬುದು ಅವರಿಗೆ ನಿಜವಾಗಿಯೂ ತಿಳಿಯಬೇಕಿತ್ತು. ನನ್ನ ಜಮಾ-ಖರ್ಚಿನ ಪಟ್ಟಿಯಲ್ಲಿ ಶಾಮಿಯಾನ, ಮೈಕ್‌ಸೆಟ್, ಬ್ಯಾನರು, ಅತಿಥಿಗಳ ಊಟ ಇದ್ದವು. ಹಾಡಿದವರ ಹೆಸರಿನ ಮುಂದೆ ಮೊತ್ತವೇ ಇರಲಿಲ್ಲ. ಅಂದಿನಿಂದ ನನ್ನ ಅಂದಾಜು ಪಟ್ಟಿಯ ಮೊದಲ ಸಾಲು ಕಲಾವಿದರ ಸಂಭಾವನೆ, ಎರಡನೆಯದು ಅವರು ಹೋಗಿಬರುವ ವಾಹನ, ಮೂರನೆಯದು ಅವರ ಊಟ. ಮಿಕ್ಕಿದ ಹಣದಲ್ಲಿ ಮೈಕು, ಅದರಲ್ಲೂ ಮಿಕ್ಕಿದರೆ ವೇದಿಕೆಯ ಅಲಂಕಾರ.

ಪರಂಪರೆಯಲ್ಲಿ ಕಲೆ ಎಂದೂ ಪುಗಸಟ್ಟೆಯಾಗಿರಲಿಲ್ಲ ಎಂಬುದನ್ನು ನೆನಪಿಡಬೇಕು. ದೀಪಾವಳಿಯ ಮೂರು ರಾತ್ರಿ ದೀಪ ಆರದಂತೆ ಕಾಯ್ದುಕೊಂಡು ಮನೆಮನೆಗೆ ಹೋಗುವ ಅಂಟಿಗೆ ಪಂಟಿಗೆಯವರು ಬಾಗಿಲು ತೆಗೆಸುವ ಪದ ಹಾಡುತ್ತಾರೆ; ಮನೆಯವರು ಆ ದೀಪಕ್ಕೆ ಎಣ್ಣೆ ಎರೆದು, ಅಕ್ಕಿ, ಕಾಯಿ, ಬೆಲ್ಲ, ಹಣ ಕೊಟ್ಟು ಕಳುಹಿಸುತ್ತಾರೆ. ಮದುವೆಮನೆಯಲ್ಲಿ ಹಾಡಿದವರಿಗೆ ವೀಳ್ಯ, ರವಿಕೆಯ ಕಣ, ಊಟ ಸಲ್ಲುತ್ತಿದ್ದವು. ಹಾಡಿಗೆ ಪ್ರತಿಫಲವಿಲ್ಲದ ಪದ್ಧತಿಯನ್ನು ತಂದವರು ನಮ್ಮಂಥ ಸಮಿತಿಗಳವರು. ಆದ್ದರಿಂದ ಮೊತ್ತ ಚಿಕ್ಕದಾದರೂ ಕರೆಯುವಾಗಲೇ ಹೇಳಿ, ಕಾರ್ಯಕ್ರಮ ಮುಗಿದ ರಾತ್ರಿಯೇ ಕೈಗೆ ಕೊಡಿ ಅಥವಾ ಖಾತೆಗೆ ಹಾಕಿ. ವರ್ಷಕ್ಕೆ ಆರು ಕಾರ್ಯಕ್ರಮ ಮಾಡುವ ಶಕ್ತಿಯಿಲ್ಲದಿದ್ದರೆ ಎರಡೇ ಮಾಡಿ.

ಇನ್ನು ಸ್ವಯಂಸೇವೆಯ ವಿಚಾರ. ಇದಕ್ಕೆ ನಮ್ಮ ಗದ್ದೆಗಳಲ್ಲೇ ಮಾದರಿಯಿದೆ. ನೆಟ್ಟಿ ಕಾಲದಲ್ಲಿ ಒಬ್ಬರ ಗದ್ದೆಗೆ ಇನ್ನೊಬ್ಬರು ಸರದಿಯಂತೆ ಹೋಗಿ ದುಡಿಯುವ ಮುಯ್ಯಾಳು ಪದ್ಧತಿ ಇಷ್ಟು ಕಾಲ ನಡೆದದ್ದು ಒಳ್ಳೆಯತನ ಒಂದರಿಂದಲೇ ಅಲ್ಲ. ಯಾರ ಗದ್ದೆಗೆ ಯಾರು ಎಷ್ಟು ದಿನ ಬಂದರು ಎಂಬುದು ಎಲ್ಲರ ನೆನಪಿನಲ್ಲಿರುತ್ತಿತ್ತು, ಕೆಲಸಕ್ಕೆ ಒಂದು ಆರಂಭ ಮತ್ತು ಒಂದು ಕೊನೆ ಇರುತ್ತಿತ್ತು. ನಿಮ್ಮ ಸಂಘದ ಕೆಲಸಕ್ಕೆ ಕೊನೆಯೇ ಇಲ್ಲದಿರುವುದರಿಂದ ಜನ ಹೆದರಿ ದೂರ ನಿಂತಿರಬಹುದು. ‘ಸಂಘಕ್ಕೆ ಸ್ವಲ್ಪ ಸಹಾಯ ಮಾಡಿ’ ಎಂದು ಕೇಳಿದರೆ, ಒಮ್ಮೆ ಕೈಹಾಕಿದರೆ ಹತ್ತು ವರ್ಷ ಬಿಡಿಸಿಕೊಳ್ಳಲಾಗದೆಂಬ ಅಳುಕು ಕೇಳಿದವರಿಗೆ ಹುಟ್ಟುತ್ತದೆ. ‘ಈ ಶನಿವಾರ ನಾಲ್ಕು ಗಂಟೆಯಿಂದ ಆರರವರೆಗೆ ಎಂಟು ಡೊಳ್ಳುಗಳ ಹಗ್ಗ ನೋಡಿ ಬಿಗಿ ಮಾಡಿಕೊಡಬೇಕು’ ಎಂದು ಕೇಳಿದರೆ ಬರುವವರು ಬರುತ್ತಾರೆ. ಒಂದು ದಪ್ಪ ನೋಟ್‌ಬುಕ್ಕಿನಲ್ಲಿ ಯಾರು ಯಾವ ಕೆಲಸಕ್ಕೆ ಎಷ್ಟು ಹೊತ್ತು ಬಂದರೆಂದು ಬರೆದಿಟ್ಟು, ಮಹಾಸಭೆಯಲ್ಲಿ ಅದನ್ನು ಓದಿ ಹೇಳಿ. ಪಾತ್ರೆ ತೊಳೆದವರ ಹೆಸರನ್ನೂ ದೇಣಿಗೆ ಕೊಟ್ಟವರ ಹೆಸರಿನಷ್ಟೇ ಸ್ಪಷ್ಟವಾಗಿ ಓದಿ.

ಪದಾಧಿಕಾರದ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಕಠಿಣವಾಗಿದೆ. ಹನ್ನೆರಡು ವರ್ಷ ಒಬ್ಬರೇ ಕಾರ್ಯದರ್ಶಿಯಾಗಿದ್ದರೆ ಅವರು ಎಷ್ಟೇ ಪ್ರಾಮಾಣಿಕರಾಗಿದ್ದರೂ ಸಂಘ ಅವರ ಮನೆಯ ವ್ಯವಹಾರದಂತೆ ಕಾಣತೊಡಗುತ್ತದೆ, ಉಳಿದವರು ಅತಿಥಿಗಳಂತೆ ವರ್ತಿಸುತ್ತಾರೆ. ಮೂರು ವರ್ಷಕ್ಕೊಮ್ಮೆ ಸ್ಥಾನ ಬದಲಾಗಲೇಬೇಕೆಂದು ಬೈಲಾದಲ್ಲಿ ಬರೆಯಿರಿ. ಬಿಟ್ಟುಕೊಡುವ ಕೊನೆಯ ವರ್ಷದಲ್ಲಿ ಮುಂದಿನವರನ್ನು ಜೊತೆಯಲ್ಲಿಟ್ಟುಕೊಂಡು ಬ್ಯಾಂಕಿಗೆ, ಪೊಲೀಸ್ ಠಾಣೆಗೆ, ಇಲಾಖೆಯ ಕಚೇರಿಗೆ ಹೋಗಿ. ಕಾರ್ಯಕಾರಿ ಸಮಿತಿಯಲ್ಲಿ ಕಲಾವಿದರು, ಅದರಲ್ಲೂ ಹಾಡುವ ಹೆಂಗಸರು, ಹೆಸರಿಗಷ್ಟೇ ಅಲ್ಲದೆ ನಿಜವಾಗಿ ಇರಲಿ. ಸಭೆಯನ್ನು ಅವರು ಬರಬಹುದಾದ ಹೊತ್ತಿಗೆ ಕರೆಯಿರಿ.

ಮಲೆನಾಡಿನಲ್ಲಿ ಸಂಘದ ಪಂಚಾಂಗವನ್ನು ಮಳೆ ಮತ್ತು ಅಡಿಕೆ ನಿರ್ಧರಿಸುತ್ತವೆ. ಆಗುಂಬೆಯ ಕಡೆ ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಜುಲೈ, ಆಗಸ್ಟಿನಲ್ಲಿ ನೆಟ್ಟಿ, ಆಮೇಲೆ ಅಡಿಕೆ ಗೊನೆಯ ಕೊಯ್ಲು, ಸುಲಿತ. ಆ ದಿನಗಳಲ್ಲಿ ಅಭ್ಯಾಸವಿಟ್ಟು ಜನ ಬರಲಿಲ್ಲವೆಂದು ನೊಂದುಕೊಳ್ಳುವುದು ನ್ಯಾಯವಲ್ಲ. ಮಳೆಗಾಲವನ್ನು ಲೆಕ್ಕಪತ್ರ, ಅರ್ಜಿ, ಪದಗಳನ್ನು ಬರೆದುಕೊಳ್ಳುವ ಕೆಲಸ ಮತ್ತು ವಾದ್ಯಗಳ ಆರೈಕೆಗೆ ಮೀಸಲಿಡಿ. ಡೊಳ್ಳಿನ ಚರ್ಮ ತಂಡಿ ಹಿಡಿದರೆ ನಾದ ಮಂಕಾಗುತ್ತದೆ, ಬೂಷ್ಟು ಬಂದರೆ ಚರ್ಮವೇ ಹಾಳಾಗುತ್ತದೆ. ಸಂಘದ ಕೊಠಡಿಯ ಮೂಲೆಯಲ್ಲಿ ಒಂದರ ಮೇಲೊಂದು ಪೇರಿಸುವ ಬದಲು, ಹಗ್ಗ ಸಡಿಲಿಸಿ, ಬಚ್ಚಲೊಲೆಯ ಕಾವು ಹದವಾಗಿ ತಾಗುವ ಮನೆಗಳಿಗೆ ಒಂದೊಂದನ್ನು ಹಂಚಿ. ಡೊಳ್ಳು ಮನೆಯಲ್ಲಿದ್ದರೆ ಆ ಮನೆಯ ಮಕ್ಕಳು ಅದನ್ನು ಮುಟ್ಟುತ್ತಾರೆ, ಬಾರಿಸಲು ನೋಡುತ್ತಾರೆ. ನನ್ನ ಅನುಭವದಲ್ಲಿ ಹುಡುಗರನ್ನು ಸೇರಿಸಲು ಇದಕ್ಕಿಂತ ಒಳ್ಳೆಯ ದಾರಿ ಸಿಕ್ಕಿಲ್ಲ.

ಹುಡುಗರು ಬೆಂಗಳೂರಿಗೆ ಹೋದರೆಂದು ನಾವೆಲ್ಲ ದೂರುತ್ತೇವೆ. ಅವರು ದೀಪಾವಳಿಗೆ ಊರಿಗೆ ಬಂದೇ ಬರುತ್ತಾರೆ, ಅಂಟಿಗೆ ಪಂಟಿಗೆ ಇರುವುದೂ ದೀಪಾವಳಿಯಲ್ಲೇ. ಆ ಮೂರು ರಾತ್ರಿಗಳ ಹೊಣೆಯನ್ನು ಪೂರ್ತಿಯಾಗಿ ಅವರಿಗೆ ವಹಿಸಿ, ಪದ ಹೇಳಿಕೊಡುವ ಹಿರಿಯರಿಗೆ ಗುರುಗಳಿಗೆ ಸಲ್ಲುವ ಸಂಭಾವನೆಯನ್ನು ಸಂಘದಿಂದ ಕೊಡಿ. ಉಳಿದ ತಿಂಗಳುಗಳಲ್ಲಿ ಅನುದಾನದ ಅರ್ಜಿ, ಕರಪತ್ರದ ವಿನ್ಯಾಸ, ಲೆಕ್ಕವನ್ನು ಕಂಪ್ಯೂಟರಿಗೆ ಹಾಕುವುದು ಮುಂತಾದ ಕೆಲಸಗಳನ್ನು ಅವರು ಅಲ್ಲಿಂದಲೇ ಮಾಡಬಲ್ಲರು.

ನಿಮ್ಮ ತಾಲ್ಲೂಕಿನಲ್ಲೇ ಹೆಗ್ಗೋಡಿನ ನೀನಾಸಂ ಇದೆ. 1949ರಲ್ಲಿ ಹಳ್ಳಿಯ ಹವ್ಯಾಸಿಗಳ ಕೂಟವಾಗಿ ಹುಟ್ಟಿದ ಸಂಸ್ಥೆ, 1980ರಲ್ಲಿ ರಂಗಶಿಕ್ಷಣ ಕೇಂದ್ರವನ್ನೂ 1985ರಲ್ಲಿ ಊರೂರು ಸುತ್ತಿ ನಾಟಕವಾಡುವ ‘ತಿರುಗಾಟ’ವನ್ನೂ ಆರಂಭಿಸಿತು. ತಿರುಗಾಟದ ನಟರು ತರಬೇತಾದ ವೃತ್ತಿಪರರು. ಅವರನ್ನು ಊರೂರುಗಳಲ್ಲಿ ಬರಮಾಡಿಕೊಂಡು ಪ್ರದರ್ಶನ ಏರ್ಪಡಿಸುವವರು ಸ್ಥಳೀಯ ಸಂಘಟಕರು. ನಿಮ್ಮ ಸಂಘ ಅಷ್ಟು ದೊಡ್ಡದಾಗಬೇಕಿಲ್ಲ. ಯಾರ ದುಡಿಮೆ ಸೇವೆ, ಯಾರದು ವೃತ್ತಿ ಎಂಬ ತಿಳಿವಳಿಕೆಯನ್ನು ಮಾತ್ರ ಅಲ್ಲಿಂದ ತೆಗೆದುಕೊಳ್ಳಬಹುದು.

ಕೊನೆಯದಾಗಿ, ನಾಳೆಯೇ ಆರಂಭಿಸಬಹುದಾದ ಒಂದು ಕೆಲಸವನ್ನು ಹೇಳುತ್ತೇನೆ. ಕಷ್ಟದಲ್ಲಿರುವ ಹಿರಿಯ ಕಲಾವಿದರಿಗೆ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಮೂಲಕ ಮಾಸಾಶನ ಸಿಗುತ್ತದೆ. 58 ವರ್ಷ ದಾಟಿದವರಲ್ಲಿ ಅರ್ಹರಿದ್ದರೂ ಎಷ್ಟೋ ಜನ ಅರ್ಜಿಯನ್ನೇ ಹಾಕಿರುವುದಿಲ್ಲ, ಏಕೆಂದರೆ ತಾವು ಕಲಾವಿದರೆಂದು ತೋರಿಸುವ ಒಂದು ಫೋಟೊ, ಒಂದು ಪತ್ರಿಕಾ ತುಣುಕು, ಒಂದು ಪ್ರಮಾಣಪತ್ರವೂ ಅವರ ಬಳಿ ಇರುವುದಿಲ್ಲ. ಹನ್ನೆರಡು ವರ್ಷದ ಆಮಂತ್ರಣ ಪತ್ರಿಕೆಗಳು ಮತ್ತು ಫೋಟೊಗಳು ನಿಮ್ಮ ಬೀರುವಿನಲ್ಲಿರಬೇಕು. ಒಬ್ಬೊಬ್ಬ ಹಿರಿಯರ ಹೆಸರಿನಲ್ಲೂ ಒಂದು ಫೈಲು ಮಾಡಿ, ಅವರ ಮನೆಗೆ ಹೋಗಿ ಅರ್ಜಿ ತುಂಬಿಸಿ. ಕರೆದರೂ ಬಾರದವರ ಮನೆಗೆ ನೀವು ಮೊದಲು ಹೋಗಬೇಕಾದದ್ದು ಈ ಕಾರಣಕ್ಕೆ.

ಪ್ರಶ್ನೆ: ತೀರ್ಥಹಳ್ಳಿ ಕಡೆಯ ನಮ್ಮ ಕೋಲಾಟ ಮತ್ತು ಭಜನಾ ತಂಡ ಈವರೆಗೆ ನೋಂದಣಿಯಾಗಿಲ್ಲ. ನೋಂದಾಯಿಸಿದರೆ ಸರ್ಕಾರದ ಅನುದಾನದಲ್ಲೇ ತಂಡ ನಡೆಯಬಹುದೇ?

ಉತ್ತರ: ನೋಂದಾಯಿಸಿ, ಆದರೆ ಅನುದಾನವನ್ನು ನಂಬಿ ನೋಂದಾಯಿಸಬೇಡಿ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಅಡಿಯಲ್ಲಿ ಕನಿಷ್ಠ ಏಳು ಮಂದಿ ಸೇರಿ, ಉದ್ದೇಶಗಳನ್ನೂ ಬೈಲಾವನ್ನೂ ಬರೆದು, ಜಿಲ್ಲಾ ನೋಂದಣಾಧಿಕಾರಿಗಳಿಗೆ ಅರ್ಜಿ ಸಲ್ಲಿಸಬೇಕು. ಅದಾದ ಮೇಲೆ ಪ್ರತಿವರ್ಷ ಮಹಾಸಭೆ ನಡೆಸಿ, ಲೆಕ್ಕಪರಿಶೋಧನೆ ಮಾಡಿಸಿ, ಸಮಿತಿಯ ಪಟ್ಟಿಯೊಂದಿಗೆ ಲೆಕ್ಕವನ್ನು ಅದೇ ಕಚೇರಿಗೆ ಸಲ್ಲಿಸುವುದು ಕಡ್ಡಾಯ. ಮೊದಲ ವರ್ಷದ ಉತ್ಸಾಹದಲ್ಲಿ ನೋಂದಾಯಿಸಿ, ಆಮೇಲೆ ಲೆಕ್ಕ ಕೊಡದೆ ಬಿಟ್ಟು, ಅನುದಾನ ಬೇಕೆನಿಸಿದಾಗ ಹಳೆಯ ಬಾಕಿಯನ್ನೆಲ್ಲ ಒಟ್ಟಿಗೆ ಸರಿಪಡಿಸಲು ಓಡಾಡಿದ ಸಂಘಗಳನ್ನು ಕಂಡಿದ್ದೇನೆ. ಬ್ಯಾಂಕ್ ಖಾತೆ ಸಂಘದ ಹೆಸರಿನಲ್ಲೇ, ಇಬ್ಬರ ಸಹಿಯಲ್ಲಿ ಇರಲಿ. ದೇಣಿಗೆಗೆ ರಸೀದಿ, ಖರ್ಚಿಗೆ ವೋಚರ್ ತಪ್ಪದಿರಲಿ. ಮುಂದೆ ದಾನಿಗಳಿಗೆ ಆದಾಯ ತೆರಿಗೆ ರಿಯಾಯಿತಿ ಸಿಗುವ ಅನುಮೋದನೆ ಪಡೆದರೂ 2000 ರೂಪಾಯಿ ಮೀರಿದ ನಗದು ದೇಣಿಗೆಗೆ ಆ ರಿಯಾಯಿತಿ ಇರುವುದಿಲ್ಲವಾದ್ದರಿಂದ, ದೊಡ್ಡ ಮೊತ್ತವನ್ನು ಖಾತೆಗೇ ಹಾಕಿಸಿಕೊಳ್ಳುವ ರೂಢಿ ಈಗಲೇ ಆಗಲಿ.

ಅನುದಾನ ಸಾಮಾನ್ಯವಾಗಿ ಖರ್ಚಾದ ಮೇಲೆ ಬರುತ್ತದೆ, ತಡವಾಗಿಯೂ ಬರುತ್ತದೆ. ಅದನ್ನು ನಂಬಿ ಕಲಾವಿದರಿಗೆ ‘ಹಣ ಬಂದಾಗ ಕೊಡುತ್ತೇವೆ’ ಎಂದು ಹೇಳುವುದು ಅವರಿಂದ ಸಾಲ ಪಡೆದಂತೆಯೇ. ಊರಿನ ಚಂದಾ ಮತ್ತು ಸದಸ್ಯತ್ವ ಶುಲ್ಕದಿಂದ ಸಂಭಾವನೆ ಸಾಗಬೇಕು. ಅನುದಾನ ಬಂದರೆ ವಾದ್ಯ, ಉಡುಪು, ಶಿಬಿರಗಳಿಗೆ ಬಳಸಿ. ರಾತ್ರಿ ಹತ್ತರ ನಂತರ ಧ್ವನಿವರ್ಧಕ ಬಳಸಬಾರದೆಂಬುದು 2000ನೇ ಇಸವಿಯ ಶಬ್ದಮಾಲಿನ್ಯ ನಿಯಮ. ಅನುಮತಿಗೆ ಠಾಣೆಗೆ ಮೊದಲೇ ಅರ್ಜಿ ಕೊಟ್ಟು, ಕಾರ್ಯಕ್ರಮವನ್ನು ಸಂಜೆ ಹೊತ್ತಿಗೇ ಆರಂಭಿಸಿ.

ಪ್ರಶ್ನೆ: ಹೊಸನಗರ ತಾಲ್ಲೂಕಿನ ನಮ್ಮ ತಂಡದ ಯುವಕರು ಎಂಬತ್ತು ದಾಟಿದ ಅಜ್ಜಿಯೊಬ್ಬರ ಹಾಡುಗಳನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ ಯೂಟ್ಯೂಬಿಗೆ ಹಾಕಿದರು. ಈಗ ಅವರ ಮನೆಯವರು ಬೇಸರಿಸಿಕೊಂಡಿದ್ದಾರೆ. ಜಾನಪದ ಹಾಡು ಎಲ್ಲರ ಸ್ವತ್ತಲ್ಲವೇ?

ಉತ್ತರ: ಹಾಡು ಎಲ್ಲರದಾಗಿರಬಹುದು, ಹಾಡಿದ ದನಿ ಆ ಅಜ್ಜಿಯದು. 1957ರ ಹಕ್ಕುಸ್ವಾಮ್ಯ ಕಾಯ್ದೆಯಲ್ಲಿ ಪ್ರದರ್ಶಕರ ಹಕ್ಕು ಎಂಬುದಿದೆ. ಗಾಯಕರು, ನರ್ತಕರು ಮಾತ್ರವಲ್ಲದೆ ಹಾವಾಡಿಗರನ್ನೂ ಆ ಕಾಯ್ದೆ ಪ್ರದರ್ಶಕರೆಂದು ಗುರುತಿಸುತ್ತದೆ. ಅವರ ಒಪ್ಪಿಗೆಯಿಲ್ಲದೆ ಪ್ರದರ್ಶನವನ್ನು ಮುದ್ರಿಸಿ ಪ್ರಸಾರ ಮಾಡುವಂತಿಲ್ಲ. ಈ ಹಕ್ಕು 50 ವರ್ಷ ಇರುತ್ತದೆ. 2012ರ ತಿದ್ದುಪಡಿಯ ನಂತರ ತಮ್ಮ ಹೆಸರು ಹೇಳಿಸಿಕೊಳ್ಳುವ ಹಕ್ಕೂ ಅವರಿಗಿದೆ. ದೀವರ ಸಮುದಾಯದ ಹೆಣ್ಣುಮಕ್ಕಳ ಹಸೆ ಚಿತ್ತಾರಕ್ಕೂ ಇಂಥದೇ ಅನ್ಯಾಯ ಆಗುತ್ತಿದೆ. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿಯಲ್ಲಿ, ಪುಂಡಿ ನಾರಿನ ಕುಂಚದಿಂದ ದಿನಗಟ್ಟಲೆ ಎಳೆ ಎಳೆದವರ ಹೆಸರು, ಆ ಚಿತ್ರ ಚೀಲದ ಮೇಲೆ ಅಚ್ಚಾಗುವಾಗ ಎಲ್ಲಿಯೂ ಇರುವುದಿಲ್ಲ.

ಮೊದಲು ಆ ವಿಡಿಯೊಗಳನ್ನು ತೆಗೆದುಹಾಕಿ. ಬಳಿಕ ಚಿತ್ರೀಕರಿಸಿದ ಯುವಕರನ್ನೇ ಕರೆದುಕೊಂಡು ಅಜ್ಜಿಯ ಮನೆಗೆ ಹೋಗಿ, ಹಾಡುಗಳನ್ನೆಲ್ಲ ಅವರಿಗೂ ಮನೆಯವರಿಗೂ ಕೇಳಿಸಿ. ಯಾವುದು ಎಲ್ಲರೂ ಕೇಳಬಹುದಾದದ್ದು, ಯಾವುದು ಮದುವೆಯ ಹಸೆಯ ಮುಂದೆ ಅಥವಾ ಸಾವಿನ ಮನೆಯಲ್ಲಿ ಮಾತ್ರ ಹಾಡಬೇಕಾದದ್ದು ಎಂಬುದನ್ನು ಅವರೇ ವಿಂಗಡಿಸಲಿ. ಒಪ್ಪಿಗೆಯನ್ನು ಸರಳ ಕನ್ನಡದಲ್ಲಿ ಒಂದು ಪುಟದಲ್ಲಿ ಬರೆದು, ಗಟ್ಟಿಯಾಗಿ ಓದಿ ಹೇಳಿ, ನಂತರ ಸಹಿ ಅಥವಾ ಹೆಬ್ಬೆಟ್ಟು ಪಡೆಯಿರಿ. ಹಣ ಬಂದರೆ ಅದರಲ್ಲಿ ಅವರ ಪಾಲೆಷ್ಟು ಎಂಬುದು ಆ ಪುಟದಲ್ಲೇ ಇರಲಿ. ಎಲ್ಲ ಹಾಡುಗಳ ಒಂದು ಪ್ರತಿಯನ್ನು ಪೆನ್‌ಡ್ರೈವಿಗೆ ಹಾಕಿ ಆ ಮನೆಯಲ್ಲಿ ಬಿಟ್ಟುಬನ್ನಿ. ಅವರು ಬೇಡವೆಂದ ಹಾಡುಗಳನ್ನು ಯುವಕರು ತಮ್ಮ ಮೊಬೈಲುಗಳಿಂದಲೂ ಅವರೆದುರಿನಲ್ಲೇ ಅಳಿಸಲಿ.