ಪ್ರತಿ: ಸೆನ್‌ಹೈಸರ್ ಯಜಮಾನಿಕೆ ಬದಲಾದರೆ ಸರ್ವಿಸ್ ಯಾರದು?

ಜರ್ಮನಿಯ ಆಡಿಯೊ ಕಂಪನಿ ಸೆನ್‌ಹೈಸರ್ ಕೈ ಬದಲಾಗಿದೆಯಂತೆ, ಎಚ್‌ಡಿ 600 ಹೆಡ್‌ಫೋನಿಗೂ ಇ835 ಮೈಕಿಗೂ ಸರ್ವಿಸ್ ಎಲ್ಲಿ ಅಂತ ಕೇಳಿದ್ದೀರಿ. ಎರಡು ಸಂಗತಿ ಕಲಸಿಹೋಗಿವೆ. 2013ರಲ್ಲಿ ಸ್ಥಾಪಕ ಫ್ರಿಟ್ಸ್ ಅವರ ಮೊಮ್ಮಕ್ಕಳು ಡೇನಿಯಲ್, ಆಂಡ್ರಿಯಾಸ್ ಜಂಟಿ ಸಿಇಒ ಆದರು. ಅದು ಮನೆಯೊಳಗಿನ ಬದಲಾವಣೆ, ಗಿರಾಕಿಗೆ ಅದರಿಂದ ಏನೂ ಆಗಬೇಕಿಲ್ಲ.

ಲೆಕ್ಕಕ್ಕೆ ಬರುವುದು 2022ರ ಮಾರ್ಚ್. ಆಗ ಗ್ರಾಹಕ ಹೆಡ್‌ಫೋನ್ ವಿಭಾಗ ಸ್ವಿಟ್ಜರ್ಲೆಂಡಿನ ಶ್ರವಣಸಾಧನ ಕಂಪನಿ ಸೊನೋವಾ ಪಾಲಾಯಿತು. ಎಚ್‌ಡಿ 600 ಆ ಕಡೆಗೆ ಹೋಯಿತು. ವೃತ್ತಿಪರ ಮೈಕ್ ಆದ ಇ835 ಜರ್ಮನಿಯ ವೇಡೆಮಾರ್ಕ್‌ನಲ್ಲಿರುವ ಸೆನ್‌ಹೈಸರ್ ಕುಟುಂಬದ ಕಂಪನಿಯಲ್ಲೇ ಉಳಿಯಿತು. ಡಬ್ಬಿ ಮೇಲೆ ಹೆಸರು ಒಂದೇ, ಎಡವಟ್ಟಾಗುವುದೇ ಅಲ್ಲಿ. ಬಿಲ್, ಸೀರಿಯಲ್ ನಂಬರ್ ಕಳಿಸುವ ಮೊದಲು ಯಾವ ವಿಭಾಗದ ಸರ್ವಿಸ್ ಸೆಂಟರ್ ಎಂದು ಕೇಳಿ.

ಅಂದಹಾಗೆ, ಎಚ್‌ಡಿ 600 ಸದ್ದು ಬದಲಾಗಿದೆ ಅಂದಿರಲ್ಲ, ಮೊದಲು ಇಯರ್‌ಪ್ಯಾಡ್ ನೋಡಿ. ಸ್ಪಂಜು ಚಪ್ಪಟೆಯಾದರೆ ಡ್ರೈವರ್ (ಸದ್ದು ಹೊರಡಿಸುವ ಪುಟ್ಟ ಸ್ಪೀಕರ್) ಕಿವಿಗೆ ಹತ್ತಿರವಾಗಿ ಸದ್ದು ಬದಲಾಗುತ್ತದೆ. ಎಚ್‌ಡಿ 650ರ ಪ್ಯಾಡ್ ಇದಕ್ಕೂ ಕೂರುತ್ತದೆ.