ಇಲಿಗಳ ಕಥೆ ಯಾಕೆ ಬಿಟ್ಟಿರಿ?

ಪ್ರಿಯ ಗೆಳೆಯರೇ,

ಆಂಟಿಬಾಡಿಗಳ (ಗುರಿ ಗುರುತಿಸಿ ಅಂಟಿಕೊಳ್ಳುವ ಪ್ರೋಟೀನುಗಳು) ಬೆನ್ನೇರಿ ಆಂಟಿಜೆನ್ (ರೋಗನಿರೋಧಕ ವ್ಯವಸ್ಥೆ ಗುರುತಿಸುವ ವಸ್ತು) ಸಾಗಿಸುವ ಬಗ್ಗೆ ನೀವು ಬರೆದ ಲೇಖನ ಓದಿದೆ. ವಿಷಯ ಹೊಸದು, ಭಾಷೆಯೂ ಸಲೀಸು. ಆದರೆ ಎರಡು ಸಾಲುಗಳು ನನಗೆ ನಿಜಕ್ಕೂ ಸಿಟ್ಟು ತರಿಸಿದವು.

ಮೊದಲನೆಯದು ಆರಂಭದ ಸಾಲು: "ದೇಹ ಒಂದು ಕೋಟೆ, ಆಂಟಿಬಾಡಿಗಳು ಶತ್ರುವನ್ನು ಕೊಲ್ಲುವ ಸೈನಿಕರು." ನೀವು ಮುಂದೆ ಹೇಳುವುದು ಇದರ ತದ್ವಿರುದ್ಧ, ಅಲ್ವಾ? ಇಲ್ಲಿ ಆಂಟಿಬಾಡಿ ಯಾರನ್ನೂ ಕೊಲ್ಲುವುದಿಲ್ಲ. ವೈ (Y) ಆಕಾರದ ಅದರ ಎರಡು ತೋಳುಗಳು, ಆಂಟಿಜೆನ್ನನ್ನು ಹಿಡಿದು ಇತರ ಕೋಶಗಳಿಗೆ ತೋರಿಸುವ ಡೆಂಡ್ರಿಟಿಕ್ ಕೋಶದ ಮೇಲಿನ ಡಿಇಸಿ-205 ಎಂಬ ರಿಸೆಪ್ಟರನ್ನು (ಹಿಡಿಕೆಯಂಥ ಪ್ರೋಟೀನನ್ನು) ಹಿಡಿಯುತ್ತವೆ. ಆಂಟಿಜೆನ್ನನ್ನು ಆಂಟಿಬಾಡಿಯ ಕಾಲಿನ ತುದಿಗೆ ಜೋಡಿಸಿರುತ್ತಾರೆ. ಎರಡೂ ಒಟ್ಟಿಗೆ ಒಳಗೆ ಹೋಗುತ್ತವೆ. ಕೋಶ ಆಂಟಿಜೆನ್ನನ್ನು ಚೂರು ಮಾಡಿ ಟಿ ಕೋಶಗಳೆಂಬ ರೋಗನಿರೋಧಕ ಬಿಳಿ ರಕ್ತಕಣಗಳಿಗೆ ತೋರಿಸುತ್ತದೆ. ಇಷ್ಟು ಚಂದದ ಕೆಲಸಕ್ಕೆ ಕೋಟೆ, ಕತ್ತಿ ಯಾಕೆ?

ಎರಡನೆಯದು ನಾಲ್ಕನೇ ಪ್ಯಾರಾದಲ್ಲಿದೆ: "ತಲುಪಿದ ಕೂಡಲೇ ರೋಗನಿರೋಧಕ ಶಕ್ತಿ ಎಚ್ಚೆತ್ತುಕೊಳ್ಳುತ್ತದೆ." ಇದು ತಪ್ಪು. 2001ರಲ್ಲಿ ನ್ಯೂಯಾರ್ಕ್‌ನ ರಾಕ್‌ಫೆಲರ್ ವಿಶ್ವವಿದ್ಯಾಲಯದಲ್ಲಿ ವಿಜ್ಞಾನಿಗಳಾದ ಸ್ಟೈನ್‌ಮನ್, ನುಸೆನ್‌ಜ್ವೈಗ್ ಮತ್ತು ಜೊತೆಗಾರರು ಕೋಳಿಮೊಟ್ಟೆಯ ಲೈಸೋಜೈಮ್ ಎಂಬ ಪ್ರೋಟೀನಿನ ತುಣುಕೊಂದನ್ನು ಇಲಿಗಳಿಗೆ ಹೀಗೇ ಆಂಟಿಬಾಡಿಗೆ ಜೋಡಿಸಿ ಕೊಟ್ಟರು. ಟಿ ಕೋಶಗಳು ಮೊದಲು ಸರಸರ ಹೆಚ್ಚಿದವು. ಕೆಲವೇ ದಿನಗಳಲ್ಲಿ ಬಹುಪಾಲು ಮಾಯ. ಅದೇ ತುಣುಕನ್ನು ಮತ್ತೆ ಕೊಟ್ಟರೆ ಉಳಿದವು ಕ್ಯಾರೇ ಎನ್ನಲಿಲ್ಲ. ಜೊತೆಗೆ ಡೆಂಡ್ರಿಟಿಕ್ ಕೋಶದ ಮೇಲಿರುವ ಸಿಡಿ40 ಎಂಬ ಸ್ವಿಚ್ಚನ್ನು ಚುರುಕುಗೊಳಿಸುವ ಇನ್ನೊಂದು ಆಂಟಿಬಾಡಿ ಕೊಟ್ಟಾಗ ಮಾತ್ರ ಪ್ರತಿಕ್ರಿಯೆ ಗಟ್ಟಿಯಾಗಿ ನಿಂತಿತು. ಸುಮ್ನೆ ತಲುಪಿಸಿದರೆ ಸಾಲದು, "ಇದು ಅಪಾಯ" ಎಂಬ ಸೂಚನೆಯೂ ಬೇಕು. ಅದಕ್ಕೇ ಎನ್‌ವೈ-ಇಎಸ್‌ಒ-1 (ಕೆಲವು ಕ್ಯಾನ್ಸರ್ ಕೋಶಗಳಲ್ಲಿರುವ ಪ್ರೋಟೀನು) ಹೊತ್ತ ಇಂಥದೇ ಕ್ಯಾನ್ಸರ್ ಲಸಿಕೆಯನ್ನು ರೋಗಿಗಳಲ್ಲಿ ಪರೀಕ್ಷಿಸುವಾಗ ಪ್ರಚೋದಕ ಔಷಧಿಯನ್ನೂ ಕೊಟ್ಟರು. ಸೂಚನೆ ಇಲ್ಲದಿದ್ದರೆ ದೇಹ ಸಹಿಸಿಕೊಳ್ಳಲು ಕಲಿಯುತ್ತದೆ. ತನ್ನ ಮೇಲೆ ತಾನೇ ತಿರುಗಿಬೀಳುವ ಕಾಯಿಲೆಗಳಿಗೆ ಇದೇ ಮದ್ದಾದೀತೇ ಎಂದು ಇಲಿಗಳಲ್ಲಿ ನೋಡಿದ್ದಾರೆ. ನಿಮ್ಮ ಲೇಖನದ ಜೀವ ಇರುವುದು ಇಲ್ಲೇ.

ನಾನು ಹೊಸಬನಾಗಿದ್ದಾಗ ಡಿಪಿಟಿ ಲಸಿಕೆ ಬಗ್ಗೆ ಬರೆದಿದ್ದೆ. ಅದರಲ್ಲಿರುವ ಅಲ್ಯೂಮಿನಿಯಂ ಲವಣದ ಮಾತನ್ನು ಓದುಗರಿಗೆ ಬೇಡ ಎಂದು ಬಿಟ್ಟಿದ್ದೆ. ನಮ್ಮ ಹಿರಿಯರು ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಬರೆದರು: "ಅದು ಯಾಕಿದೆ ಅಂತ ಮಗುವಿನ ತಾಯಿ ಕೇಳಿದರೆ?" ಎರಡು ದಿನ ಲೈಬ್ರರಿಯಲ್ಲಿ ಕೂತು ಓದಿದೆ. ಆ ಲವಣವಿಲ್ಲದಿದ್ದರೆ ಲಸಿಕೆಯ ಪರಿಣಾಮ ಕಡಿಮೆ ಎಂದು ತಿಳಿದಾಗ ಇಡೀ ಲೇಖನವನ್ನೇ ಮತ್ತೆ ಬರೆದೆ. ಆ ಹಾಳೆ ಈಗಲೂ ನನ್ನ ಬಳಿ ಇದೆ.

ಸೈನಿಕರನ್ನು ತೆಗೆಯಿರಿ. ಆ ಇಲಿಗಳನ್ನು ಎರಡನೇ ಪ್ಯಾರಾಕ್ಕೆ ತನ್ನಿ. ಮತ್ತೆ ಕಳಿಸಿ, ಕಾಯುತ್ತಿರುತ್ತೇನೆ.